ಅಸಮಬಲ ಯುದ್ಧ

ಅಸಮಬಲ ಯುದ್ಧ ಎಂದರೆ ಸೈನ್ಯ, ಸಂಪತ್ತು, ಜನಸಂಖ್ಯೆ, ಶಸ್ತ್ರತಂತ್ರಜ್ಞಾನ ಇವುಗಳಲ್ಲಿ ಒಂದಕ್ಕೊಂದು ಸಾಟಿಯಲ್ಲದ ಎರಡು ಪಕ್ಷಗಳ ನಡುವಿನ ಸಶಸ್ತ್ರ ಸಂಘರ್ಷ. ಮಹಾಶಕ್ತಿಯೊಂದು ತನಗಿಂತ ಬಹಳ ಸಣ್ಣದಾದ ದೇಶದ ಮೇಲೆ ದಂಡೆತ್ತಿ ಹೋಗಿಯೂ ತನ್ನ ಉದ್ದೇಶ ಸಾಧಿಸಲಾಗದೆ ಹಿಂದಿರುಗಿದ ಪ್ರಸಂಗಗಳು 20ನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವು. ಹೀಗಾಗಿ ಸೇನಾಬಲದ ಮಿತಿಗಳು ಯುದ್ಧಶಾಸ್ತ್ರದಲ್ಲೂ ರಾಜ್ಯಶಾಸ್ತ್ರದಲ್ಲೂ ಪ್ರತ್ಯೇಕ ಅಧ್ಯಯನದ ವಿಷಯವಾದವು. ವಿಯೆಟ್ನಾಂನಲ್ಲಿ ಫ್ರಾನ್ಸ್ ಹಾಗೂ ಅಮೆರಿಕ, ಅಲ್ಜೀರಿಯದಲ್ಲಿ ಫ್ರಾನ್ಸ್, ಆಫ್ಘಾನಿಸ್ತಾನದಲ್ಲಿ ಸೋವಿಯತ್ ಒಕ್ಕೂಟ ಮತ್ತು ಅನಂತರ ಅಮೆರಿಕ ಪಡೆದ ಅನುಭವ ಈ ಅಧ್ಯಯನದ ಮುಖ್ಯ ಸಾಮಗ್ರಿ.

ಪರಿಭಾಷೆ

ಮಹಾಶಕ್ತಿ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಇಂದಿನ ಅರ್ಥದಲ್ಲಿ ಬಳಕೆಗೆ ತಂದವನು ಅಮೆರಿಕದ ವಿದ್ವಾಂಸ ವಿಲಿಯಂ ಫಾಕ್ಸ್. 1944ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಮೂರನ್ನೂ ಈ ಪಟ್ಟಿಗೆ ಸೇರಿಸಿದ್ದ. ಬ್ರಿಟನ್ ಬಹುಬೇಗ ಪಟ್ಟಿಯಿಂದ ಹೊರಬಿತ್ತು. ಈ ಲೇಖನದಲ್ಲಿ ಬಲಿಷ್ಠ ಪಕ್ಷ ಎಂದರೆ ಒಟ್ಟು ಸಂಪನ್ಮೂಲದಲ್ಲಿ ಎದುರಾಳಿಗಿಂತ ಹಲವು ಪಟ್ಟು ದೊಡ್ಡದಾದ ರಾಷ್ಟ್ರ. ದುರ್ಬಲ ಪಕ್ಷ ಎಂದರೆ ಅದರ ಎದುರಾಳಿ. ದುರ್ಬಲ ಪಕ್ಷವು ರಾಷ್ಟ್ರವಾಗಿರಬಹುದು, ಇನ್ನೂ ರಾಷ್ಟ್ರವಾಗದ ಹೋರಾಟವೂ ಆಗಿರಬಹುದು.

ಅಸಮಬಲ ಯುದ್ಧವನ್ನೂ ಗೆರಿಲ್ಲಾ ಯುದ್ಧವನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಮೊದಲನೆಯದು ಪಕ್ಷಗಳ ನಡುವಿನ ಬಲಸಂಬಂಧವನ್ನು ಸೂಚಿಸುತ್ತದೆ. ಎರಡನೆಯದು ಹೋರಾಟದ ಒಂದು ರೀತಿ. 1939ರಲ್ಲಿ ಫಿನ್ಲೆಂಡ್ ಸೋವಿಯತ್ ಒಕ್ಕೂಟದ ವಿರುದ್ಧ ಹೋರಾಡಿದ್ದು ಸಮವಸ್ತ್ರ ತೊಟ್ಟ ಶಿಸ್ತಿನ ಸೈನ್ಯದಿಂದಲೇ. ಅದು ಅಸಮಬಲ ಯುದ್ಧ, ಆದರೆ ಗೆರಿಲ್ಲಾ ಯುದ್ಧವಲ್ಲ. ಭಯೋತ್ಪಾದನೆಯು ಈ ಎರಡಕ್ಕಿಂತಲೂ ಬೇರೆಯಾದ, ನಾಗರಿಕರನ್ನೇ ಗುರಿಯಾಗಿಸಿಕೊಂಡ ಹಿಂಸೆ.

ಗೆಲುವು, ಸೋಲು ಎಂಬ ಪದಗಳಿಗೂ ಇಲ್ಲಿ ನಿಶ್ಚಿತ ಅರ್ಥವಿದೆ. ಎಷ್ಟು ಮಂದಿ ಸತ್ತರು, ಯಾವ ಊರು ಯಾರ ವಶವಾಯಿತು ಎಂಬುದು ಅಳತೆಯಲ್ಲ. ಯುದ್ಧ ಹೂಡಿದ ರಾಜಕೀಯ ಉದ್ದೇಶ ಈಡೇರಿತೇ ಎಂಬುದೇ ಅಳತೆ. ರಣರಂಗದಲ್ಲಿ ಗೆದ್ದ ಸೈನ್ಯವೇ ಯುದ್ಧದಲ್ಲಿ ಸೋತಿತೆನ್ನುವ ಮಾತು ವಿರೋಧಾಭಾಸವಾಗದಿರುವುದು ಈ ಅರ್ಥದಲ್ಲಿ.

ಹಿನ್ನೆಲೆ

ದುರ್ಬಲನು ಬಲಿಷ್ಠನನ್ನು ಎದುರಿಸುವ ಬಗೆಯನ್ನು ಶಾಸ್ತ್ರವಾಗಿ ವಿವೇಚಿಸಿದ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ವಿಶೇಷ ಸ್ಥಾನವಿದೆ. ಇದರ ಹಸ್ತಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿ; ಮೂಲಪಾಠವನ್ನು ಅವರು 1909ರಲ್ಲಿ ಪ್ರಕಟಿಸಿದರು. ಗ್ರಂಥದ ಹನ್ನೆರಡನೆಯ ಅಧಿಕರಣಕ್ಕೆ ಆಬಲೀಯಸ ಎಂದು ಹೆಸರು. ಬಲಿಷ್ಠನ ದಾಳಿಗೆ ಸಿಕ್ಕಿದ ದುರ್ಬಲ ರಾಜ ಏನು ಮಾಡಬೇಕು ಎಂಬುದೇ ಅದರ ವಸ್ತು. ಬೆತ್ತದ ಗಿಡದಂತೆ ಬಾಗಬೇಕೆಂದು ಭಾರದ್ವಾಜನ ಮತ. ಇದ್ದ ಬಲವನ್ನೆಲ್ಲ ಕೂಡಿಸಿ ಹೋರಾಡಬೇಕೆಂದು ವಿಶಾಲಾಕ್ಷನ ಮತ. ಕೌಟಿಲ್ಯ ಎರಡನ್ನೂ ಒಪ್ಪುವುದಿಲ್ಲ. ಇನ್ನೊಬ್ಬ ಬಲಿಷ್ಠ ರಾಜನ ಆಶ್ರಯ ಪಡೆಯಬೇಕು, ಇಲ್ಲವೇ ಶತ್ರು ಮುಟ್ಟಲಾಗದ ದುರ್ಗವನ್ನು ಸೇರಬೇಕು ಎನ್ನುತ್ತಾನೆ. ಅಲ್ಲಿಂದ ಮುಂದೆ ಶತ್ರುವಿನ ಸರಬರಾಜು ಕಡಿಯುವುದು, ಅವನ ಸೇನಾನಿಗಳಲ್ಲಿ ಭೇದ ಹುಟ್ಟಿಸುವುದು, ಸುತ್ತಲಿನ ರಾಜಮಂಡಲವನ್ನು ಅವನ ಮೇಲೆ ಎತ್ತಿಕಟ್ಟುವುದು ಮುಂತಾದ ಉಪಾಯಗಳ ವಿವರಣೆ ಬರುತ್ತದೆ. ಬಯಲಿನಲ್ಲಿ ನಡೆಯುವ ಪ್ರಕಾಶಯುದ್ಧ, ಮೋಸದ ಕೂಟಯುದ್ಧ, ಗುಪ್ತಚರರ ಮೂಲಕ ನಡೆಯುವ ತೂಷ್ಣೀಂಯುದ್ಧ ಎಂಬ ಕೌಟಿಲ್ಯನ ವಿಂಗಡಣೆಯನ್ನು ಆಧುನಿಕ ಬರಹಗಾರರೂ ಬಳಸುತ್ತಾರೆ. ಹೊರಗಿನ ಆಶ್ರಯ ಮತ್ತು ದುರ್ಗಮ ನೆಲೆ ಎಂಬ ಅವನ ಎರಡು ಷರತ್ತುಗಳು ವಿಯೆಟ್ನಾಂ, ಆಫ್ಘಾನಿಸ್ತಾನ ಎರಡೂ ಕಡೆ ಇದ್ದವು.

ದಖ್ಖನಿನಲ್ಲಿ ಇದಕ್ಕೆ ದೀರ್ಘವಾದ ಐತಿಹಾಸಿಕ ನಿದರ್ಶನವಿದೆ. 1681ರಲ್ಲಿ ದಕ್ಷಿಣಕ್ಕೆ ಇಳಿದ ಔರಂಗಜೇಬ್ ಬಿಜಾಪುರವನ್ನು 1686ರಲ್ಲೂ ಗೋಲ್ಕೊಂಡವನ್ನು 1687ರಲ್ಲೂ ಗೆದ್ದ. ಸ್ಥಿರವಾದ ರಾಜಧಾನಿಯೂ ದೊಡ್ಡ ಸೈನ್ಯವೂ ಇದ್ದ ಆ ರಾಜ್ಯಗಳು ಬಿದ್ದವು. ಗನಿಮಿ ಕಾವ ಎಂದು ಹೆಸರಾದ ಮಿಂಚುದಾಳಿಯ ಮರಾಠರು ಬೀಳಲಿಲ್ಲ. ಜಿಂಜಿಗೆ ತಪ್ಪಿಸಿಕೊಂಡು ಹೋಗುತ್ತಿದ್ದ ಮರಾಠ ದೊರೆ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮ ಆಶ್ರಯ ಕೊಟ್ಟದ್ದು ಈ ಯುದ್ಧದ ನಡುವೆಯೇ. ಚಕ್ರವರ್ತಿ ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಸುರಪುರದ ಬೇಡ ನಾಯಕರ ವಾಗಣಗೇರಾ ಕೋಟೆಯದು. ಕೋಟೆ ಮೊಘಲರ ಕೈಸೇರಿತು, ನಾಯಕ ಸೇರಲಿಲ್ಲ; ಅವನು ಆಗಲೇ ಹೊರಬಿದ್ದಿದ್ದ. ಎರಡು ವರ್ಷಗಳ ಅನಂತರ ಔರಂಗಜೇಬ್ ದೆಹಲಿಯನ್ನು ಮತ್ತೆ ಕಾಣದೆಯೇ ಅಹಮದನಗರದ ಬಳಿ ತೀರಿಕೊಂಡ.

ಗೆರಿಲ್ಲಾ ಎಂಬುದು ಸಣ್ಣ ಯುದ್ಧ ಎಂಬ ಅರ್ಥದ ಸ್ಪ್ಯಾನಿಷ್ ಪದ. 1808ರಿಂದ 1814ರವರೆಗೆ ನೆಪೋಲಿಯನ್ನನ ಸೈನ್ಯಗಳನ್ನು ಸ್ಪೇನಿನ ರೈತರು ಕಾಡಿದಾಗ ಅದು ಯುರೋಪಿನ ಇತರ ಭಾಷೆಗಳಿಗೆ ಹರಡಿತು. ಪ್ರಷ್ಯದ ಸೇನಾನಿ ಕ್ಲೌಸೆವಿಟ್ಸ್, ಅವನ ಮರಣಾನಂತರ 1832ರಲ್ಲಿ ಹೊರಬರತೊಡಗಿದ ಯುದ್ಧಗ್ರಂಥದಲ್ಲಿ, ಜನತೆಯೇ ಆಯುಧ ಹಿಡಿಯುವ ಬಗೆಗೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ.

19ನೆಯ ಶತಮಾನದ ವಸಾಹತುಶಾಹಿ ಸೈನ್ಯಗಳು ಇಂಥ ಯುದ್ಧಗಳನ್ನು ಬಹುಪಾಲು ಗೆದ್ದವು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ದಳವನ್ನು ಸೋಲಿಸಿತು; ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕಂಪನಿ ಹೆಚ್ಚಿನ ಬಲದೊಂದಿಗೆ ಬಂದು ಕೋಟೆ ಹಿಡಿಯಿತು. ಅನಂತರ ಕಿತ್ತೂರಿನ ಪರವಾಗಿ ಸಂಗೊಳ್ಳಿ ರಾಯಣ್ಣ ನಡೆಸಿದ ಗೆರಿಲ್ಲಾ ಹೋರಾಟ 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸುವುದರೊಂದಿಗೆ ಕೊನೆಗೊಂಡಿತು. ರಾಯಣ್ಣನಿಗೆ ಜನಬೆಂಬಲವಿತ್ತು, ಹೊರಗಿನ ಆಸರೆ ಇರಲಿಲ್ಲ. ಬ್ರಿಟಿಷ್ ಅಧಿಕಾರಿ ಕಾಲ್‌ವೆಲ್ 1896ರಲ್ಲಿ ಪ್ರಕಟಿಸಿದ ಸಣ್ಣ ಯುದ್ಧಗಳ ಕೈಪಿಡಿ ಇಂಥ ವಿಜಯಗಳ ಕಾಲದ ಆತ್ಮವಿಶ್ವಾಸದಿಂದ ಬರೆದದ್ದು. ಮೂರೇ ವರ್ಷಗಳಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧ ಆರಂಭವಾಯಿತು. ಎರಡು ಪುಟ್ಟ ಗಣರಾಜ್ಯಗಳನ್ನು ಮಣಿಸಲು ಬ್ರಿಟನ್ 4 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ತೊಡಗಿಸಬೇಕಾಯಿತು. ಹೊಲಮನೆಗಳನ್ನು ಸುಟ್ಟು ಹೆಂಗಸರು ಮಕ್ಕಳನ್ನು ಕೂಡಿಹಾಕಿದ ಶಿಬಿರಗಳಲ್ಲಿ 20,000ಕ್ಕೂ ಮಿಕ್ಕಿ ಬೋಯರರು ಸತ್ತರು. ಯುದ್ಧವನ್ನು ಗೆದ್ದರೂ ಅದರ ರೀತಿ ಲಂಡನ್ನಿನಲ್ಲಿಯೇ ದೊಡ್ಡ ವಿವಾದವಾಯಿತು. ದೂರದ ಯುದ್ಧದ ಮೇಲೆ ತಾಯ್ನಾಡಿನ ಜನಾಭಿಪ್ರಾಯ ತೂಗತೊಡಗಿದ್ದರ ಆರಂಭಿಕ ಗುರುತುಗಳಲ್ಲಿ ಇದೊಂದು.

ಮಿತಿಗಳ ಸ್ವರೂಪ

ಸೇನಾಬಲಕ್ಕೆ ಎರಡು ಬೇರೆ ಬೇರೆ ಕೆಲಸಗಳಿವೆ: ನಾಶಮಾಡುವುದು ಮತ್ತು ಮಣಿಸುವುದು. ಮೊದಲನೆಯದಕ್ಕೆ ಆಯುಧ ಸಾಕು. ಎರಡನೆಯದಕ್ಕೆ ಎದುರಾಳಿಯ ಒಪ್ಪಿಗೆ ಬೇಕು. ಅಸಮಬಲ ಯುದ್ಧದ ಮಿತಿಗಳೆಲ್ಲ ಈ ಅಂತರದಲ್ಲಿ ಹುಟ್ಟುತ್ತವೆ.

ಅವುಗಳಲ್ಲಿ ಮುಖ್ಯವಾದದ್ದು ಪಣದ ವ್ಯತ್ಯಾಸ. ದುರ್ಬಲ ಪಕ್ಷಕ್ಕೆ ಯುದ್ಧ ಅಳಿವು ಉಳಿವಿನ ಪ್ರಶ್ನೆ. ಬಲಿಷ್ಠ ಪಕ್ಷಕ್ಕೆ ಅದು ಹಲವು ವ್ಯವಹಾರಗಳ ನಡುವೆ ಒಂದು. ಅದರ ಬದುಕು ಆ ಯುದ್ಧದ ಮೇಲೆ ನಿಂತಿರುವುದಿಲ್ಲ. ಹೀಗಾಗಿ ಸಾವುನೋವನ್ನು ತಾಳಿಕೊಳ್ಳುವ ಶಕ್ತಿ ಎರಡೂ ಕಡೆ ಒಂದೇ ಆಗಿರುವುದಿಲ್ಲ. ವಿಯೆಟ್ನಾಂ ಸರ್ಕಾರ 1995ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅದರ ಪಕ್ಷದಲ್ಲಿ ಹೋರಾಡಿ ಸತ್ತವರು 11 ಲಕ್ಷ. ಅಮೆರಿಕದ ಕಡೆ ಸತ್ತವರು 58,000ಕ್ಕೂ ಹೆಚ್ಚು. ಹಿಂದೆ ಸರಿದದ್ದು ಎರಡನೆಯ ಪಕ್ಷ. ಗೆರಿಲ್ಲಾಗಳು ಸೋಲದೆ ಉಳಿದರೆ ಅದೇ ಗೆಲುವು, ಸಾಂಪ್ರದಾಯಿಕ ಸೈನ್ಯ ಗೆಲ್ಲದೆ ಉಳಿದರೆ ಅದೇ ಸೋಲು ಎಂಬರ್ಥದ ವಿಶ್ಲೇಷಣೆಯನ್ನು ಹೆನ್ರಿ ಕಿಸಿಂಜರ್ 1969ರಲ್ಲಿಯೇ ಮಂಡಿಸಿದ್ದ. ಅಮೆರಿಕದ ಕೊನೆಯ ಯುದ್ಧಪಡೆಗಳು ಅಲ್ಲಿಂದ ಹೊರಟದ್ದು 1973ರಲ್ಲಿ.

ಕಾಲ ಇದರೊಂದಿಗೆ ಹೆಣೆದುಕೊಂಡಿದೆ. ಮಾವೋ 1938ರ ತನ್ನ ಉಪನ್ಯಾಸಗಳಲ್ಲಿ ದೀರ್ಘಕಾಲಿಕ ಯುದ್ಧವನ್ನು ಮೂರು ಹಂತಗಳಾಗಿ ವಿಂಗಡಿಸಿದ. ಮೊದಲು ಶತ್ರು ಮುಂದೊತ್ತಿ ಬರುತ್ತಾನೆ, ದುರ್ಬಲ ಪಕ್ಷ ಹಿಂದೆ ಸರಿಯುತ್ತದೆ; ಆಮೇಲೆ ಇಬ್ಬರೂ ಕದಲದ ಸ್ಥಿತಿ; ಕೊನೆಗೆ ಪ್ರತಿದಾಳಿ. ನೆಲವನ್ನು ಬಿಟ್ಟುಕೊಟ್ಟು ಕಾಲವನ್ನು ಕೊಳ್ಳುವುದು ಇದರ ತಿರುಳು. ಚುನಾವಣೆಗೆ ಒಳಪಟ್ಟ ಸರ್ಕಾರಗಳಿಗೆ ಕಾಲವೇ ಅತಿ ದುಬಾರಿಯಾದ ಸಾಮಗ್ರಿ.

ದೂರವೂ ಬಲವನ್ನು ಕುಗ್ಗಿಸುತ್ತದೆ. ಅರ್ಥಶಾಸ್ತ್ರಜ್ಞ ಕೆನೆತ್ ಬೋಲ್ಡಿಂಗ್ 1962ರಲ್ಲಿ ಇದನ್ನು ಒಂದು ನಿಯಮವಾಗಿ ರೂಪಿಸಿದ: ರಾಷ್ಟ್ರದ ಬಲ ಅದರ ನೆಲೆಯಲ್ಲಿ ಗರಿಷ್ಠ, ದೂರ ಹೋದಷ್ಟೂ ಕಡಿಮೆ. ಯುದ್ಧಭೂಮಿಗೆ ಸೈನಿಕ, ಇಂಧನ, ಮದ್ದುಗುಂಡು ಸಾಗಿಸುವುದರಲ್ಲೇ ಸಾಮರ್ಥ್ಯದ ದೊಡ್ಡ ಪಾಲು ಸವೆಯುತ್ತದೆ. ಕಾಡು, ಬೆಟ್ಟ, ಜೌಗು ನೆಲಗಳು ಟ್ಯಾಂಕು ವಿಮಾನಗಳ ಅನುಕೂಲವನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಇದರ ಮೇಲೆ ಮಾಹಿತಿಯ ಕೊರತೆ ಬೇರೆ. ಹಳ್ಳಿಯಲ್ಲಿ ಯಾರು ಯಾರ ಕಡೆ ಎಂಬುದು ಊರಿನವರಿಗೆ ಗೊತ್ತಿರುತ್ತದೆ, ಭಾಷೆ ಬಾರದ ಸೈನಿಕನಿಗೆ ಗೊತ್ತಿರುವುದಿಲ್ಲ. ಗುರಿ ತಪ್ಪಿದ ಪ್ರತಿ ಗುಂಡು ಎದುರಾಳಿಗೆ ಹೊಸ ಯೋಧರನ್ನು ಒದಗಿಸುತ್ತದೆ.

ಪರಮಾಣು ಅಸ್ತ್ರ ಈ ಲೆಕ್ಕದಲ್ಲಿ ಸೇರುವುದೇ ಇಲ್ಲ. 1945ರ ಆಗಸ್ಟಿನ ಅನಂತರ ಯಾವ ದೇಶವೂ ಅದನ್ನು ಯುದ್ಧದಲ್ಲಿ ಬಳಸಿಲ್ಲ. ಇನ್ನೊಂದು ಮಹಾಶಕ್ತಿ ಮಧ್ಯೆ ಪ್ರವೇಶಿಸುವ ಭಯ ಮತ್ತು ಜಾಗತಿಕ ಖಂಡನೆಯ ಭಯ ಎರಡೂ ಇದಕ್ಕೆ ಕಾರಣ. ಕೊರಿಯ ಯುದ್ಧವನ್ನು ಚೀನದೊಳಕ್ಕೆ ವಿಸ್ತರಿಸಬೇಕೆಂದು ಬಹಿರಂಗವಾಗಿ ವಾದಿಸಿದ ಜನರಲ್ ಮೆಕಾರ್ಥರ್‌ನನ್ನು ಅಧ್ಯಕ್ಷ ಟ್ರೂಮನ್ 1951ರ ಏಪ್ರಿಲಿನಲ್ಲಿ ಪದಚ್ಯುತಗೊಳಿಸಿದ. ವಿಶ್ವಸಂಸ್ಥೆಯ ಸನ್ನದು, 1949ರ ಜಿನೀವಾ ಒಪ್ಪಂದಗಳು ಮುಂತಾದ ಕಾನೂನುಗಳೂ ತಡೆಯೇ, ಆದರೆ ದುರ್ಬಲವಾದ ತಡೆ. ನಿಕರಾಗುವ ಹೂಡಿದ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ ಅಮೆರಿಕದ ವಿರುದ್ಧ ತೀರ್ಪಿತ್ತಿತು. ಅಮೆರಿಕ ಅದನ್ನು ಪಾಲಿಸಲಿಲ್ಲ.

ಪ್ರಕಾರಗಳು

ದುರ್ಬಲ ಪಕ್ಷ ಆರಿಸಿಕೊಳ್ಳುವ ದಾರಿಗನುಸಾರವಾಗಿ ಅಸಮಬಲ ಸಂಘರ್ಷಗಳನ್ನು ವಿಂಗಡಿಸುವುದು ವಾಡಿಕೆ. ಜನರ ನಡುವೆ ಬೆರೆತು ವರ್ಷಗಟ್ಟಲೆ ಹೋರಾಡುವ ಜನಯುದ್ಧ ಇವುಗಳಲ್ಲಿ ಹೆಚ್ಚು ಪರಿಚಿತ. ಗಡಿಯಲ್ಲಿಯೇ ನಿಂತು ಆಕ್ರಮಣದ ಬೆಲೆಯನ್ನು ಏರಿಸುವ ಪ್ರತಿರೋಧ ರಕ್ಷಣೆ ಇನ್ನೊಂದು. ಎದುರಾಳಿ ಯುದ್ಧಕ್ಕೇ ಇಳಿಯದಂತೆ ಮಾಡುವ ಪ್ರತಿಬಂಧಕ ಬಲ ಮೂರನೆಯದು. ಉತ್ತರ ಕೊರಿಯ ಇದಕ್ಕೆ ನಿದರ್ಶನ. 1968ರ ಜನವರಿಯಲ್ಲಿ ಅದು ಅಮೆರಿಕದ ಬೇಹುಗಾರಿಕೆ ಹಡಗು ಪ್ಯೂಬ್ಲೋವನ್ನು ಹಿಡಿದು ಸಿಬ್ಬಂದಿಯನ್ನು ಹನ್ನೊಂದು ತಿಂಗಳು ಸೆರೆಯಲ್ಲಿಟ್ಟಿತು. ಅಮೆರಿಕ ಕ್ಷಮಾಪಣೆಯ ಪತ್ರಕ್ಕೆ ಸಹಿಹಾಕಿ ಅವರನ್ನು ಬಿಡಿಸಿಕೊಂಡಿತು. ಹಡಗು ಮಾತ್ರ ಹಿಂದಿರುಗಲಿಲ್ಲ. ದಕ್ಷಿಣ ಕೊರಿಯದ ರಾಜಧಾನಿ ಸೋಲ್ ಗಡಿಯಾಚೆಯ ಫಿರಂಗಿಗಳ ಅಳವಿನಲ್ಲಿರುವುದು ಆ ದೇಶದ ಹಳೆಯ ರಕ್ಷಾಕವಚ. 2006ರ ಅಕ್ಟೋಬರಿನಲ್ಲಿ ಅದು ಮೊದಲ ಪರಮಾಣು ಪರೀಕ್ಷೆ ನಡೆಸಿತು.

ಪೂರ್ಣ ಯುದ್ಧವಾಗಿ ಬೆಳೆಯದಷ್ಟು ಸೌಮ್ಯವಾದ ಅಸಮಬಲ ಸಂಘರ್ಷಗಳೂ ಇವೆ. ಸ್ಥಾಯಿ ಸೈನ್ಯವೇ ಇಲ್ಲದ ಐಸ್ಲೆಂಡ್ 1958ರಿಂದ 1976ರ ನಡುವೆ ಮೀನುಗಾರಿಕೆಯ ಹಕ್ಕಿಗಾಗಿ ಮೂರು ಬಾರಿ ಬ್ರಿಟನ್ನಿನ ನೌಕಾಪಡೆಯನ್ನು ಎದುರಿಸಿತು. ಕಾಡ್ ಯುದ್ಧಗಳೆಂದು ಕರೆಯಲಾಗುವ ಇವುಗಳಲ್ಲಿ ಅದರ ಮುಖ್ಯ ಆಯುಧ ಬ್ರಿಟಿಷ್ ದೋಣಿಗಳ ಬಲೆ ಕತ್ತರಿಸುವ ಸಾಧನ. ಇನ್ನೊಂದು ಆಯುಧ ಕೆಫ್ಲಾವಿಕ್. ಉತ್ತರ ಅಟ್ಲಾಂಟಿಕ್‌ನಲ್ಲಿ ಸೋವಿಯತ್ ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ನ್ಯಾಟೋಗೆ ಬೇಕಾಗಿದ್ದ ಆ ನೆಲೆಯನ್ನು ಮುಚ್ಚುವೆನೆಂದು ಐಸ್ಲೆಂಡ್ ಬೆದರಿಸಿತು. 1976ರ ಜೂನಿನಲ್ಲಿ ಬ್ರಿಟನ್ 200 ನಾಟಿಕಲ್ ಮೈಲಿಗಳ ಮಿತಿಯನ್ನು ಒಪ್ಪಿತು. ಆಗ ಐಸ್ಲೆಂಡಿನ ಜನಸಂಖ್ಯೆ ಸುಮಾರು 2.2 ಲಕ್ಷ.

ಪ್ರಮುಖ ನಿದರ್ಶನಗಳು

ಫಿನ್ಲೆಂಡ್ (1939-40). ನವೆಂಬರ್ 30, 1939ರಂದು ಸೋವಿಯತ್ ಸೈನ್ಯ ಗಡಿ ದಾಟಿತು. ಹಿಮ ತುಂಬಿದ ಕಾಡುದಾರಿಗಳಲ್ಲಿ ಉದ್ದಕ್ಕೆ ಸಾಗುತ್ತಿದ್ದ ಸೋವಿಯತ್ ದಳಗಳನ್ನು ಫಿನ್ನಿಷ್ ಸ್ಕೀ ಪಡೆಗಳು ತುಂಡುತುಂಡಾಗಿ ಕಡಿದು ಸುತ್ತುವರಿದವು. ಸೋವಿಯತ್ ಕಡೆ ಸತ್ತವರು 1 ಲಕ್ಷಕ್ಕೂ ಹೆಚ್ಚು, ಫಿನ್ನಿಷ್ ಕಡೆ ಸುಮಾರು 25,000. ಆದರೂ ಇದನ್ನು ಫಿನ್ಲೆಂಡಿನ ವಿಜಯ ಎನ್ನಲಾಗದು. ಫೆಬ್ರವರಿಯಲ್ಲಿ ಸೋವಿಯತ್ ಸೈನ್ಯ ಭಾರಿ ಫಿರಂಗಿಗಳೊಂದಿಗೆ ಮುಖ್ಯ ರಕ್ಷಣಾರೇಖೆಯನ್ನು ಭೇದಿಸಿತು. ಮಾರ್ಚ್ 1940ರ ಶಾಂತಿ ಒಪ್ಪಂದದಲ್ಲಿ ಫಿನ್ಲೆಂಡ್ ತನ್ನ ನೆಲದ ಸುಮಾರು ಹತ್ತನೆಯ ಒಂದು ಭಾಗವನ್ನು ಕಳೆದುಕೊಂಡು ಸ್ವಾತಂತ್ರ್ಯವನ್ನು ಉಳಿಸಿಕೊಂಡಿತು.

ಕೊರಿಯ (1950-53). ಉತ್ತರ ಕೊರಿಯದ ಪರವಾಗಿ ಅಮೆರಿಕದ ಎದುರು ನಿಂತ ಚೀನದಲ್ಲಿ ಸೈನಿಕರ ಸಂಖ್ಯೆ ಹೇರಳ, ವಿಮಾನ ಮತ್ತು ಯಂತ್ರೋಪಕರಣ ವಿರಳ. ಯುದ್ಧ ಆರಂಭವಾದ ಗಡಿಯ ಆಸುಪಾಸಿನಲ್ಲೇ ಅದು ನಿಂತಿತು. ಸಂಧಾನವನ್ನು ಎರಡು ವರ್ಷ ಎಳೆದ ಮುಖ್ಯ ತೊಡಕು ಯುದ್ಧಕೈದಿಗಳ ಪ್ರಶ್ನೆ. ತಾಯ್ನಾಡಿಗೆ ಮರಳಲು ಒಪ್ಪದ ಕೈದಿಗಳ ವ್ಯವಹಾರವನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ.

ವಿಯೆಟ್ನಾಂ (1946-75). ಮೊದಲ ಘಟ್ಟ ಫ್ರಾನ್ಸ್ ವಿರುದ್ಧ ನಡೆದದ್ದು. ವಿಯೆಟ್ನಾಂನ ಜನರಲ್ ಜಿಯಾಪ್‌ನ ಸೈನ್ಯ ಫಿರಂಗಿಗಳನ್ನು ಬಿಡಿಬಿಡಿಯಾಗಿಯೂ ಹಗ್ಗ ಕಟ್ಟಿ ಎಳೆದೂ ಬೆಟ್ಟಗಳ ಮೇಲೆ ಏರಿಸಿ ದಿಯೆನ್ ಬಿಯೆನ್ ಫು ಕಣಿವೆಯ ಫ್ರೆಂಚ್ ಠಾಣ್ಯವನ್ನು ಮುತ್ತಿತು. ಮೇ 7, 1954ರಂದು ಠಾಣ್ಯ ಶರಣಾಯಿತು. ಯುದ್ಧ ನಿಲ್ಲಿಸಿ ದೇಶವನ್ನು ಉತ್ತರ, ದಕ್ಷಿಣ ಎಂದು ಇಬ್ಭಾಗಿಸಿದ ಅದೇ ವರ್ಷದ ಜಿನೀವಾ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ರಚನೆಯಾದ ಆಯೋಗದ ಅಧ್ಯಕ್ಷತೆ ಭಾರತದ್ದಾಗಿತ್ತು.

ಎರಡನೆಯ ಘಟ್ಟದಲ್ಲಿ ಅಮೆರಿಕ ನೇರವಾಗಿ ಇಳಿಯಿತು. 1965ರ ಮಾರ್ಚಿನಲ್ಲಿ ಉತ್ತರ ವಿಯೆಟ್ನಾಂ ಮೇಲೆ ನಿರಂತರ ಬಾಂಬುದಾಳಿ ಶುರುವಾಯಿತು. 1969ರಲ್ಲಿ ಅಮೆರಿಕದ ಸೈನಿಕರ ಸಂಖ್ಯೆ 5.4 ಲಕ್ಷ ಮುಟ್ಟಿತು. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಗಳ ಮೇಲೆ ಬಿದ್ದ ಬಾಂಬುಗಳ ಒಟ್ಟು ತೂಕ 70 ಲಕ್ಷ ಟನ್ನಿಗೂ ಹೆಚ್ಚು, ಅಂದರೆ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಎಲ್ಲ ರಣರಂಗಗಳಲ್ಲಿ ಹಾಕಿದ್ದರ ಮೂರು ಪಟ್ಟಿಗೂ ಮಿಗಿಲು. ಆದರೆ ಕೈಗಾರಿಕೆಯೇ ಅಷ್ಟಾಗಿ ಇಲ್ಲದ ಕೃಷಿಪ್ರಧಾನ ದೇಶದಲ್ಲಿ ಬಾಂಬಿಗೆ ತಕ್ಕ ಗುರಿಗಳು ಬೇಗ ಮುಗಿದವು. ಆಯುಧಗಳು ಸೋವಿಯತ್ ಒಕ್ಕೂಟ ಮತ್ತು ಚೀನದಿಂದ ಬರುತ್ತಿದ್ದವು. ಆ ಕಾರ್ಖಾನೆಗಳನ್ನು ಮುಟ್ಟುವಂತಿರಲಿಲ್ಲ. ಲಾವೋಸ್ ಮತ್ತು ಕಾಂಬೋಡಿಯ ಮೂಲಕ ಹಾದುಹೋಗುವ ಹೋ ಚಿ ಮಿನ್ ಮಾರ್ಗ ಒಂದೇ ರಸ್ತೆಯಲ್ಲ, ಕಾಡಿನೊಳಗಿನ ದಾರಿಗಳ ಜಾಲ. ಒಂದು ಕಡೆ ಕಡಿದರೆ ಸಾಗಣೆ ಇನ್ನೊಂದು ಕಡೆಗೆ ಹೊರಳುತ್ತಿತ್ತು.

ವಶಪಡಿಸಿಕೊಳ್ಳಬೇಕಾದ ಗಡಿರೇಖೆಯೇ ಇಲ್ಲದ ಈ ಯುದ್ಧದಲ್ಲಿ ಅಮೆರಿಕದ ಸೇನಾಧಿಕಾರಿಗಳು ಸತ್ತ ಶತ್ರುಗಳ ಎಣಿಕೆಯನ್ನೇ ಪ್ರಗತಿಯ ಅಳತೆಯಾಗಿಸಿಕೊಂಡರು. ಎಣಿಕೆ ಏರುತ್ತಲೇ ಹೋಯಿತು, ಯುದ್ಧ ಮುಗಿಯಲಿಲ್ಲ. 1968ರ ಜನವರಿ ಕೊನೆಯಲ್ಲಿ ಟೆಟ್ ಹಬ್ಬದಂದು 100ಕ್ಕೂ ಹೆಚ್ಚು ಊರುಗಳ ಮೇಲೆ ಏಕಕಾಲದಲ್ಲಿ ದಾಳಿ ನಡೆಯಿತು. ದಾಳಿಕಾರರು ಭಾರಿ ನಷ್ಟ ಅನುಭವಿಸಿ ಹಿಮ್ಮೆಟ್ಟಿದರು. ಆದರೆ ಯುದ್ಧ ಮುಗಿಯುತ್ತ ಬಂದಿದೆ ಎಂದು ತಿಂಗಳುಗಟ್ಟಲೆ ಕೇಳಿದ್ದ ಅಮೆರಿಕದ ಜನ ಸೈಗಾನಿನ ತಮ್ಮ ರಾಯಭಾರ ಕಚೇರಿಯ ಅಂಗಳದಲ್ಲೇ ಕಾಳಗ ನಡೆಯುವುದನ್ನು ದೂರದರ್ಶನದಲ್ಲಿ ನೋಡಿದರು. ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್ ತಾನು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಘೋಷಿಸಿದ. ಪ್ಯಾರಿಸ್ ಒಪ್ಪಂದ 1973ರ ಜನವರಿಯಲ್ಲಿ ಆಯಿತು; ಏಪ್ರಿಲ್ 30, 1975ರಂದು ಸೈಗಾನ್ ಬಿದ್ದಿತು. ನಾಲ್ಕು ವರ್ಷಗಳಲ್ಲಿ ಚೀನ ಇದೇ ದೇಶಕ್ಕೆ ಪಾಠ ಕಲಿಸಲೆಂದು ಉತ್ತರದಿಂದ ದಾಳಿ ಮಾಡಿ ಒಂದು ತಿಂಗಳಲ್ಲಿ ಹಿಂದಿರುಗಿತು. ಚೀನದ ಸಿಟ್ಟಿಗೆ ಕಾರಣವಾಗಿ ಕಾಂಬೋಡಿಯವನ್ನು ಹೊಕ್ಕಿದ್ದ ವಿಯೆಟ್ನಾಂ ಸೈನ್ಯ ಅಲ್ಲಿಂದ ಹೊರಬಂದದ್ದು 1989ರಲ್ಲಿ.

ಅಲ್ಜೀರಿಯ (1954-62). ಫ್ರೆಂಚ್ ಪ್ಯಾರಾಟ್ರೂಪರುಗಳು 1957ರಲ್ಲಿ ಅಲ್ಜಿಯರ್ಸ್ ನಗರದ ಬಂಡಾಯ ಜಾಲವನ್ನು ಚಿತ್ರಹಿಂಸೆಯ ವ್ಯಾಪಕ ಬಳಕೆಯಿಂದ ಮುರಿದರು. ಟ್ಯುನಿಸಿಯ ಗಡಿಯಲ್ಲಿ ವಿದ್ಯುತ್ ಬೇಲಿ ಹಾಕಿ ಹೊರಗಿನ ನೆರವನ್ನೂ ಬಹುಮಟ್ಟಿಗೆ ತಡೆದರು. ಸೇನಾದೃಷ್ಟಿಯಿಂದ ಬಂಡಾಯ ಹಿಮ್ಮೆಟ್ಟಿತ್ತು. ಆದರೆ ಚಿತ್ರಹಿಂಸೆಯ ವಿಷಯ ಫ್ರಾನ್ಸನ್ನೇ ಒಡೆಯಿತು, ನಾಲ್ಕನೆಯ ಗಣರಾಜ್ಯ ಕುಸಿಯಿತು. ಜುಲೈ 1962ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು.

ಆಫ್ಘಾನಿಸ್ತಾನ (1979-89, 2001-21). 1979ರ ಡಿಸೆಂಬರ್ ಕೊನೆಯಲ್ಲಿ ಸೋವಿಯತ್ ಸೈನ್ಯ ಕೆಲವೇ ದಿನಗಳಲ್ಲಿ ಕಾಬೂಲನ್ನು ಹಿಡಿಯಿತು. ಅನಂತರದ ಒಂಬತ್ತು ವರ್ಷ 1 ಲಕ್ಷದಷ್ಟು ಸೈನಿಕರು ನಗರಗಳನ್ನೂ ಹೆದ್ದಾರಿಗಳನ್ನೂ ಕಾದರು, ಹಳ್ಳಿಗಾಡು ಮುಜಾಹಿದೀನ್ ಬಂಡಾಯಗಾರರ ಕೈಯಲ್ಲೇ ಉಳಿಯಿತು. ಪಾಕಿಸ್ತಾನ ಅವರಿಗೆ ನೆಲೆ ಕೊಟ್ಟಿತು. ಅಮೆರಿಕ ಮತ್ತು ಸೌದಿ ಅರೇಬಿಯ ಹಣ ಕೊಟ್ಟವು. 1986ರಿಂದ ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಗಳು ಬಂದಾಗ ಹೆಲಿಕಾಪ್ಟರುಗಳೂ ಅಪಾಯಕ್ಕೆ ಸಿಕ್ಕವು. ಸುಮಾರು 15,000 ಸೈನಿಕರನ್ನು ಕಳೆದುಕೊಂಡು ಸೋವಿಯತ್ ಸೈನ್ಯ ಫೆಬ್ರವರಿ 15, 1989ರಂದು ಕೊನೆಯದಾಗಿ ಅಮು ದರಿಯಾ ನದಿಯ ಸೇತುವೆ ದಾಟಿತು.

ಅಮೆರಿಕದ ಯುದ್ಧ ಅಕ್ಟೋಬರ್ 7, 2001ರಂದು ಆರಂಭವಾಗಿ ಇಪ್ಪತ್ತು ವರ್ಷ ನಡೆಯಿತು. ತಾಲಿಬಾನ್ ಸರ್ಕಾರ ಎರಡು ತಿಂಗಳಲ್ಲಿ ಉರುಳಿತು. ಅದರ ಜಾಗದಲ್ಲಿ ನಿಲ್ಲಬಲ್ಲ ಸರ್ಕಾರವನ್ನು ಕಟ್ಟುವುದು ಆಗಲಿಲ್ಲ. 2,400ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು, ವೆಚ್ಚ 2 ಲಕ್ಷ ಕೋಟಿ ಡಾಲರ್ ದಾಟಿತು. ಅಮೆರಿಕ ಮತ್ತು ತಾಲಿಬಾನ್ ನಡುವಿನ 2020ರ ಫೆಬ್ರವರಿಯ ದೋಹಾ ಒಪ್ಪಂದಕ್ಕೆ ಕಾಬೂಲ್ ಸರ್ಕಾರ ಪಕ್ಷವೇ ಆಗಿರಲಿಲ್ಲ. ಸೋವಿಯತ್ ಸೈನ್ಯ ಹೋದ ಮೇಲೂ ಅದು ಬೆಂಬಲಿಸಿದ್ದ ನಜೀಬುಲ್ಲಾನ ಸರ್ಕಾರ ಮೂರು ವರ್ಷ ಬದುಕಿತ್ತು. ಅಮೆರಿಕ ಕಟ್ಟಿದ ಸರ್ಕಾರ ಕೊನೆಯ ಅಮೆರಿಕನ್ ಸೈನಿಕ ಹೊರಡುವ ಎರಡು ವಾರ ಮುಂಚೆಯೇ, 2021ರ ಆಗಸ್ಟ್ 15ರಂದು, ಇಲ್ಲವಾಯಿತು.

ಮಹಾಶಕ್ತಿಯಲ್ಲದ ದೊಡ್ಡ ದೇಶಗಳಿಗೂ ಈ ಅನುಭವ ಆಗಿದೆ. ಶ್ರೀಲಂಕಕ್ಕೆ 1987ರಲ್ಲಿ ಶಾಂತಿಪಾಲನೆಗೆಂದು ಹೋದ ಭಾರತೀಯ ಪಡೆ ಕೆಲವೇ ವಾರಗಳಲ್ಲಿ ತಮಿಳು ಬಂಡಾಯ ಸಂಘಟನೆ ಎಲ್‌ಟಿಟಿಇಯೊಂದಿಗೆ ಯುದ್ಧಕ್ಕಿಳಿಯಿತು. ಜಾಫ್ನಾ ನಗರವನ್ನು ಹಿಡಿದರೂ ಸಂಘಟನೆಯನ್ನು ಮುರಿಯಲಾಗಲಿಲ್ಲ. 1,100ಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು, ಕರೆಸಿಕೊಂಡ ಶ್ರೀಲಂಕ ಸರ್ಕಾರವೇ ಹೊರಡಲು ಒತ್ತಾಯಿಸಿದ ಮೇಲೆ, ಅದು 1990ರ ಮಾರ್ಚಿನಲ್ಲಿ ಮರಳಿತು.

ಬಲಿಷ್ಠ ಪಕ್ಷ ಗೆದ್ದ ಸಂದರ್ಭಗಳು

ಮೇಲಿನ ನಿದರ್ಶನಗಳು ಹೆಚ್ಚು ಪ್ರಸಿದ್ಧವಾದ್ದರಿಂದ ದುರ್ಬಲ ಪಕ್ಷವೇ ಸದಾ ಗೆಲ್ಲುತ್ತದೆಂಬ ಭಾವನೆ ಹುಟ್ಟುವುದುಂಟು. ದಾಖಲೆ ಹಾಗೆ ಹೇಳುವುದಿಲ್ಲ. ಗ್ರೆನಡಾ (1983) ಮತ್ತು ಪನಾಮಗಳಲ್ಲಿ (1989) ಅಮೆರಿಕದ ಕೆಲಸ ಬೇಗ ಮುಗಿಯಿತು. 1991ರಲ್ಲಿ ಕುವೈತಿನಿಂದ ಇರಾಕನ್ನು ಹೊರಗಟ್ಟುವ ಭೂಯುದ್ಧ 100 ಗಂಟೆಗಳಲ್ಲಿ ಕೊನೆಗೊಂಡಿತು. ಮರುಭೂಮಿಯ ಬಯಲು, ಎದುರಾಳಿಯೂ ಟ್ಯಾಂಕುಗಳಿಂದಲೇ ಹೋರಾಡಿದ್ದು, ಉದ್ದೇಶವನ್ನು ಕುವೈತಿನ ಗಡಿಗೆ ಸೀಮಿತಗೊಳಿಸಿದ್ದು ಇದಕ್ಕೆ ಕಾರಣ. ಅದೇ ಇರಾಕಿನಲ್ಲಿ 2003ರಲ್ಲಿ ಸರ್ಕಾರವನ್ನೇ ಬದಲಿಸುವ ಉದ್ದೇಶದಿಂದ ಹೋದಾಗ ಬಾಗ್ದಾದ್ ಮೂರು ವಾರಗಳಲ್ಲಿ ಬಿದ್ದರೂ ಸಂಘರ್ಷ ಎಂಟು ವರ್ಷ ಎಳೆಯಿತು. ಸರ್ಬಿಯದ ಮೇಲೆ 1999ರಲ್ಲಿ ನ್ಯಾಟೋ 78 ದಿನ ನಡೆಸಿದ ವಾಯುದಾಳಿ ಕೊಸೊವೊದಿಂದ ಸರ್ಬಿಯದ ಸೈನ್ಯವನ್ನು ಹೊರಡಿಸುವುದರಲ್ಲಿ ಫಲಿಸಿತು.

ದೀರ್ಘಕಾಲದ ಬಂಡಾಯವನ್ನು ಅಡಗಿಸಿದ್ದಕ್ಕೆ ಮಲಯ (1948-60) ಸಾಮಾನ್ಯವಾಗಿ ಕೊಡುವ ಉದಾಹರಣೆ. ಬ್ರಿಟನ್ ಅಲ್ಲಿ 4 ಲಕ್ಷಕ್ಕೂ ಹೆಚ್ಚು ಜನರನ್ನು ಕಾವಲಿನ ಹೊಸ ಹಳ್ಳಿಗಳಿಗೆ ಬಲವಂತವಾಗಿ ಸಾಗಿಸಿ ಬಂಡಾಯಗಾರರ ಆಹಾರದ ಮೂಲ ಕಡಿಯಿತು. ಬಂಡಾಯಗಾರರು ಬಹುಪಾಲು ಚೀನೀ ಮೂಲದವರಾಗಿದ್ದರು, ಅವರಿಗೆ ಹೊರಗಿನ ನೆಲೆಯಿರಲಿಲ್ಲ. 1957ರಲ್ಲಿ ಮಲಯ ಸ್ವತಂತ್ರವಾದಾಗ ಹೋರಾಟದ ಕಾರಣವೂ ತೆಳುವಾಯಿತು. ಈ ಮೂರು ಸಂಗತಿಗಳನ್ನು ಬಿಟ್ಟು ಹಳ್ಳಿಗಳನ್ನಷ್ಟೇ ನಕಲು ಮಾಡಿದ ದಕ್ಷಿಣ ವಿಯೆಟ್ನಾಂನ ಯೋಜನೆ 1963ರ ಹೊತ್ತಿಗೆ ಕುಸಿಯಿತು.

ಅಧ್ಯಯನಗಳು

ವಿಷಯವನ್ನು ಸಿದ್ಧಾಂತವಾಗಿ ರೂಪಿಸಿದ ಮೊದಲ ಮುಖ್ಯ ಪ್ರಬಂಧ ಆಂಡ್ರ್ಯೂ ಮ್ಯಾಕ್ 1975ರಲ್ಲಿ ಬರೆದದ್ದು. ಪಣದ ವ್ಯತ್ಯಾಸವೇ ಮೂಲಕಾರಣವೆಂಬುದು ಅವನ ವಾದ. 1800ರಿಂದ ಎರಡು ಶತಮಾನಗಳ ಯುದ್ಧಗಳನ್ನು ಲೆಕ್ಕಹಾಕಿದ ಇವಾನ್ ಅರೆಗಿನ್-ಟಾಫ್ಟ್ 2001ರ ಪ್ರಬಂಧದಲ್ಲಿ ದುರ್ಬಲ ಪಕ್ಷ ಗೆದ್ದದ್ದು ಒಟ್ಟಾರೆ ಶೇಕಡ 30ಕ್ಕೆ ಹತ್ತಿರ ಎಂದು ತೋರಿಸಿದ. 19ನೆಯ ಶತಮಾನದ ಮೊದಲರ್ಧದಲ್ಲಿ ಇದು ಶೇಕಡ 12ರಷ್ಟಿದ್ದು, 1950ರ ಅನಂತರ ಅರ್ಧವನ್ನೂ ಮೀರಿತು. ಎರಡೂ ಪಕ್ಷಗಳು ಒಂದೇ ಬಗೆಯ ತಂತ್ರ ಅನುಸರಿಸಿದರೆ ಬಲಿಷ್ಠ ಪಕ್ಷಕ್ಕೂ, ಭಿನ್ನ ತಂತ್ರ ಅನುಸರಿಸಿದರೆ ದುರ್ಬಲ ಪಕ್ಷಕ್ಕೂ ಅನುಕೂಲ ಎಂಬುದು ಅವನ ವಿವರಣೆ. ಗಿಲ್ ಮೆರೋಮ್ 2003ರಲ್ಲಿ ಪ್ರಜಾಪ್ರಭುತ್ವದ ಒಳರಚನೆಯತ್ತ ಬೊಟ್ಟುಮಾಡಿದ. ಆಫ್ಘಾನಿಸ್ತಾನದಲ್ಲಿ ಸೋವಿಯತ್ ಒಕ್ಕೂಟ ಸೋತದ್ದಕ್ಕೆ ಈ ವಾದ ಸರಿಯಾಗಿ ಹೊಂದುವುದಿಲ್ಲ. ಹೊರಗಿನ ನೆರವೇ ನಿರ್ಣಾಯಕ ಎಂದು ಜೆಫ್ರಿ ರೆಕಾರ್ಡ್ 2007ರಲ್ಲಿ ವಾದಿಸಿದ.

ಅನ್ವಯ

ಸಣ್ಣ ದೇಶಗಳ ರಕ್ಷಣಾನೀತಿಯಲ್ಲಿ ಈ ಪರಿಕಲ್ಪನೆ ನೇರವಾಗಿ ಬಳಕೆಯಾಗಿದೆ. ಯುಗೊಸ್ಲಾವಿಯ 1969ರಲ್ಲಿ ಇಡೀ ಜನತೆಯನ್ನು ತೊಡಗಿಸುವ ರಕ್ಷಣಾ ವ್ಯವಸ್ಥೆಗೆ ಕಾನೂನು ಮಾಡಿತು. ಹಿಂದಿನ ವರ್ಷ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರವನ್ನು ಹೊಕ್ಕದ್ದು ಅದಕ್ಕೆ ಪ್ರೇರಣೆ. ತೈವಾನಿಗೆ ಸೂಚಿಸಲಾಗುತ್ತಿರುವ ಮುಳ್ಳುಹಂದಿ ತಂತ್ರವೂ ಇದೇ ಜಾತಿಯದು: ದುಬಾರಿ ಯುದ್ಧನೌಕೆಗಳ ಬದಲು ನೆಲಬಾಂಬು, ಸಣ್ಣ ಕ್ಷಿಪಣಿಗಳನ್ನು ಚದುರಿಸಿಟ್ಟು ನುಂಗಲಾಗದಂತೆ ಮಾಡುವುದು. ಬಲಿಷ್ಠ ಪಕ್ಷಗಳೂ ಕಲಿಯಲು ಯತ್ನಿಸಿವೆ. ಅಮೆರಿಕದ ಸೈನ್ಯ 2006ರ ಡಿಸೆಂಬರಿನಲ್ಲಿ ಹೊರಡಿಸಿದ ಬಂಡಾಯನಿಗ್ರಹ ಕೈಪಿಡಿ ಜನರ ರಕ್ಷಣೆಗೆ ಆದ್ಯತೆ ಕೊಟ್ಟಿತು.

ಕಲಿಯದ ಪ್ರಸಂಗವೂ ದಾಖಲಾಗಿದೆ. 2002ರಲ್ಲಿ ಅಮೆರಿಕ ನಡೆಸಿದ ಮಿಲೆನಿಯಮ್ ಚಾಲೆಂಜ್ ಎಂಬ ಬೃಹತ್ ಅಣಕುಯುದ್ಧದಲ್ಲಿ ಶತ್ರುಪಕ್ಷದ ಪಾತ್ರ ವಹಿಸಿದ ನಿವೃತ್ತ ಜನರಲ್ ಪಾಲ್ ವ್ಯಾನ್ ರೈಪರ್ ರೇಡಿಯೊ ಬಿಟ್ಟು ಮೋಟಾರುಸೈಕಲ್ ದೂತರ ಮೂಲಕ ಆದೇಶ ಕಳಿಸಿ, ಸಣ್ಣ ದೋಣಿಗಳು ಮತ್ತು ಕ್ಷಿಪಣಿಗಳಿಂದ ಅಮೆರಿಕದ 16 ಹಡಗುಗಳನ್ನು ಕಾಗದದ ಮೇಲೆ ಮುಳುಗಿಸಿದ. ಹಡಗುಗಳನ್ನು ಮತ್ತೆ ತೇಲಿಸಿ, ನಿಯಮ ಬದಲಿಸಿ ಆಟ ಮುಂದುವರಿಸಲಾಯಿತು.

ಇಂದಿನ ಸ್ಥಿತಿ

ಅಗ್ಗದ ಡ್ರೋನುಗಳು ಅಸಮಬಲ ಯುದ್ಧದ ವೆಚ್ಚದ ಲೆಕ್ಕವನ್ನು ಬದಲಿಸಿವೆ. ರಷ್ಯ 2022ರ ಫೆಬ್ರವರಿ 24ರಂದು ಯುಕ್ರೇನ್ ಮೇಲೆ ಪೂರ್ಣಪ್ರಮಾಣದ ಆಕ್ರಮಣ ಆರಂಭಿಸಿ, ಕೀವ್ ನಗರದ ಹೊರವಲಯದಿಂದ ಏಪ್ರಿಲ್ ಹೊತ್ತಿಗೆ ಹಿಂದೆ ಸರಿಯಿತು. ಹೇಳಿಕೊಳ್ಳುವಂಥ ನೌಕಾಪಡೆಯಿಲ್ಲದ ಯುಕ್ರೇನ್ ಏಪ್ರಿಲ್ 14ರಂದು ರಷ್ಯದ ಕಪ್ಪುಸಮುದ್ರ ನೌಕಾಬಲದ ಮುಖ್ಯ ಹಡಗು ಮೊಸ್ಕ್ವಾವನ್ನು ಕ್ಷಿಪಣಿಗಳಿಂದ ಮುಳುಗಿಸಿತು. ಅನಂತರ ಚಾಲಕನಿಲ್ಲದ ದೋಣಿಗಳ ದಾಳಿಯಿಂದಾಗಿ ರಷ್ಯ ಹಲವು ಹಡಗುಗಳನ್ನು ಸೆವಸ್ತೊಪೋಲಿನಿಂದ ಪೂರ್ವದ ಬಂದರಿಗೆ ಸಾಗಿಸಬೇಕಾಯಿತು. ಜೂನ್ 1, 2025ರಂದು ಟ್ರಕ್ಕುಗಳಲ್ಲಿ ಅಡಗಿಸಿ ರಷ್ಯದೊಳಕ್ಕೆ ಒಯ್ದ ಡ್ರೋನುಗಳು ದೂರದ ವಾಯುನೆಲೆಗಳಲ್ಲಿ ನಿಂತಿದ್ದ ಬಾಂಬರ್ ವಿಮಾನಗಳನ್ನು ಸುಟ್ಟವು. ಇಷ್ಟಾದರೂ ಯುಕ್ರೇನಿನ ನೆಲದ ಸುಮಾರು ಐದನೆಯ ಒಂದು ಭಾಗ ರಷ್ಯದ ವಶವಾಯಿತು. ಪಾಶ್ಚಾತ್ಯ ಆಯುಧ ಮತ್ತು ಹಣದ ನೆರವಿಲ್ಲದೆ ಈ ಪ್ರತಿರೋಧ ಇಷ್ಟು ದೀರ್ಘವಾಗಿ ಸಾಗುತ್ತಿರಲಿಲ್ಲ.

ಯೆಮನ್‌ನ ಹೂತಿ ಪಡೆಗಳು 2023ರ ನವೆಂಬರಿನಿಂದ ಕೆಂಪುಸಮುದ್ರದ ವ್ಯಾಪಾರಿ ಹಡಗುಗಳ ಮೇಲೆ ದಾಳಿಗಿಳಿದವು. ಕೆಲವು ಸಾವಿರ ಡಾಲರ್ ಬೆಲೆಯ ಡ್ರೋನುಗಳನ್ನು ಹೊಡೆದುರುಳಿಸಲು ಅಮೆರಿಕದ ನೌಕಾಪಡೆ ಸುಮಾರು 20 ಲಕ್ಷ ಡಾಲರ್ ಬೆಲೆಯ ಕ್ಷಿಪಣಿಗಳನ್ನು ಹಾರಿಸಬೇಕಾಯಿತು. ಸಮುದ್ರ ಅಮೆರಿಕದ ಹಿಡಿತದಲ್ಲೇ ಇತ್ತು. ಆದರೂ ಹಡಗು ಕಂಪನಿಗಳು ಸೂಯೆಜ್ ದಾರಿ ಬಿಟ್ಟು ಆಫ್ರಿಕವನ್ನು ಬಳಸಿಕೊಂಡು ಹೋಗತೊಡಗಿದವು. 2023ರ ಡಿಸೆಂಬರಿನಲ್ಲಿ ಸೌದಿ ಅರೇಬಿಯದಿಂದ ಮಂಗಳೂರಿಗೆ ಕಚ್ಚಾತೈಲ ತರುತ್ತಿದ್ದ ಕೆಮ್ ಪ್ಲೂಟೊ ಎಂಬ ಹಡಗಿಗೆ ಅರಬ್ಬೀ ಸಮುದ್ರದಲ್ಲಿ ಡ್ರೋನ್ ಬಡಿಯಿತು. ಅದು ಇರಾನಿನಿಂದ ಬಂದದ್ದೆಂದು ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. 2024ರ ಜನವರಿಯಿಂದ ಯೆಮನ್ ಮೇಲೆ ನಡೆದ ಅಮೆರಿಕದ ವಾಯುದಾಳಿಗಳು 2025ರ ಮೇ ತಿಂಗಳಲ್ಲಿ ಒಮಾನ್ ಮಧ್ಯಸ್ಥಿಕೆಯ ಒಪ್ಪಂದದೊಂದಿಗೆ ನಿಂತವು. ಅಮೆರಿಕದ ಹಡಗುಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಹೂತಿಗಳು ಒಪ್ಪಿಕೊಂಡರು. ಅವರು ಇಸ್ರೇಲಿನ ಮೇಲೆ ನಡೆಸುತ್ತಿದ್ದ ದಾಳಿ ಆ ಒಪ್ಪಂದದಲ್ಲಿ ಸೇರಿರಲಿಲ್ಲ.